ಅರಿವಳಿಕೆಯ ನಂತರ ಸ್ನಾಯುಗಳ ಎಚ್ಚರ



ಆಪರೇಷನ್ ಥಿಯೇಟರಿನ ಹೊರಗೆ ಕುಳಿತ ಮನೆಯವರು ಮೊದಲು ಕೇಳುವುದು, "ಎಚ್ಚರ ಆಯ್ತಾ ಡಾಕ್ಟ್ರೇ?" ಎಂದು. ಒಳಗಿರುವ ಅರಿವಳಿಕೆ ತಜ್ಞರು ಅದರ ಜೊತೆಗೆ ಇನ್ನೊಂದಕ್ಕೂ ಕಾಯುತ್ತಿರುತ್ತಾರೆ: ರೋಗಿಯ ಸ್ನಾಯುಗಳಿಗೆ ಬಲ ಮರಳಿತೇ? ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ನಿದ್ರೆಯ ಮದ್ದಿನೊಡನೆ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನೂ ಕೊಡುತ್ತಾರೆ. ಆಗ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ, ಉಸಿರಾಡಿಸುವುದು ಯಂತ್ರ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ ವಿಷದಿಂದ ಪಡೆದ ಮದ್ದನ್ನು 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಗ್ರಿಫಿತ್ ಮತ್ತು ಜಾನ್ಸನ್ ಎಂಬ ವೈದ್ಯರು ಬಳಸಿದ ಮೇಲೆ ಈ ಪದ್ಧತಿ ಬೆಳೆಯಿತು.

ಕೊಟ್ಟ ಮದ್ದು ಮೈಯಿಂದ ಹೊರಗೆ ಹೋಗಬೇಕಲ್ಲ? ಮೂತ್ರಪಿಂಡ ಕೆಟ್ಟವರಿಗೆ ತೊಡಕಾಗುವುದು ಇಲ್ಲಿಯೇ. ಹಿಂದಿನ ಗ್ಯಾಲಮಿನ್ ಬಹುತೇಕ ಪೂರ್ತಿಯಾಗಿ ಮೂತ್ರದಲ್ಲೇ ಹೋಗಬೇಕಿತ್ತು. ರೋಕ್ಯುರೋನಿಯಂಗೆ ಯಕೃತ್ತಿನ ದಾರಿಯಿದ್ದರೂ ಇಂಥ ರೋಗಿಗಳಲ್ಲಿ ಅದರ ಪರಿಣಾಮ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ರೋಗಿ ಕಣ್ಣು ಬಿಟ್ಟಿರುತ್ತಾನೆ, ಕೆಮ್ಮಿ ಕಫ ಹೊರಹಾಕುವ ಶಕ್ತಿ ಮಾತ್ರ ಇರುವುದಿಲ್ಲ.

ಸಡಿಲಿಕೆಯನ್ನು ಇಳಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ನಿಯೋಸ್ಟಿಗ್ಮಿನ್. ಹೃದಯದ ಬಡಿತ ತೀರಾ ಇಳಿಯದಿರಲೆಂದು ಜೊತೆಗೆ ಅಟ್ರೋಪಿನ್ ಅಥವಾ ಗ್ಲೈಕೋಪೈರೋಲೇಟ್ ಕೊಡುತ್ತಾರೆ. ನಿಯೋಸ್ಟಿಗ್ಮಿನ್‌ನ ಸುಮಾರು ಅರ್ಧ ಭಾಗವೂ ಮೂತ್ರಪಿಂಡದ ಮೂಲಕವೇ ಹೋಗಬೇಕಾದ್ದರಿಂದ ಈ ರೋಗಿಗಳಲ್ಲಿ ಅದೂ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಒಂದು ಲೆಕ್ಕಕ್ಕೆ ಇದು ಅನುಕೂಲವೇ. ಆದರೆ ಸಡಿಲಿಕೆ ಆಳವಾಗಿದ್ದಾಗ ಅದರ ಆಟ ನಡೆಯುವುದಿಲ್ಲ.

ಹೊಸ ಮದ್ದು ಸುಗಮ್ಮಾಡೆಕ್ಸ್. ಎಂಟು ಗ್ಲೂಕೋಸ್ ಘಟಕಗಳನ್ನು ಬಳೆಯಂತೆ ಜೋಡಿಸಿದ ಅಣು ಇದು. ರೋಕ್ಯುರೋನಿಯಂ ಅಣುವನ್ನು ತನ್ನೊಳಗೆ ಸೆರೆಹಿಡಿದುಬಿಡುತ್ತದೆ. ವಿಜ್ಞಾನ ಓದಿದವನಿಗೆ ಇದಕ್ಕಿಂತ ಚೆಂದದ ಉಪಾಯ ಕಾಣದು! ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ತೊಂದರೆಯೆಂದರೆ ಸೆರೆಯಾದ ಈ ಜೋಡಿಯೂ ಮೂತ್ರದಲ್ಲೇ ಹೊರಡಬೇಕು. ಮೂತ್ರಪಿಂಡದ ಶೋಧನಾಶಕ್ತಿ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಬೇಡವೆಂದು ತಯಾರಕರ ಸೂಚನೆಯೇ ಹೇಳುತ್ತದೆ. ಅಂಥವರಲ್ಲೂ ಅದು ಕೊಂಚ ನಿಧಾನವಾಗಿಯಾದರೂ ಕೆಲಸ ಮಾಡುವುದನ್ನು ಅಧ್ಯಯನಗಳು ಕಂಡಿವೆ. ಅಗತ್ಯ ತೂಗಿ ನೋಡಿ ಬಳಸುವ ವೈದ್ಯರೂ ಇದ್ದಾರೆ. ಜೋಡಿ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆಂಬುದೇ ಹಿಂಜರಿಕೆಗೆ ಕಾರಣ.

ಆದ್ದರಿಂದ ಇಳಿಸುವ ಮದ್ದಿಗಿಂತ ಮೊದಲು ಕೊಡುವ ಮದ್ದಿನ ಆಯ್ಕೆಯೇ ದೊಡ್ಡದೆಂದು ನನ್ನ ಅಭಿಪ್ರಾಯ. ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಸ್ಟೆನ್ಲೇಕ್ ಅವರ ತಂಡ ರೂಪಿಸಿದ ಅಟ್ರಾಕ್ಯುರಿಯಂ, ಮೈಯ ಶಾಖ ಮತ್ತು ರಕ್ತದ ಕ್ಷಾರಗುಣದಿಂದ ಬಹುಮಟ್ಟಿಗೆ ತಾನಾಗಿ ಒಡೆಯುತ್ತದೆ. ಮೂತ್ರಪಿಂಡದ ದಾರಿ ಕಾಯಬೇಕಿಲ್ಲ. ಆದರೂ ಅಳೆದು ನೋಡಲೇಬೇಕು: ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ವಿದ್ಯುತ್ ತುಡಿತ ಕೊಟ್ಟಾಗ ನಾಲ್ಕನೆಯ ಮಿಡಿತ ಮೊದಲನೆಯದರ ಶೇಕಡಾ 90ರಷ್ಟಾದರೂ ಇರಬೇಕು.

ಇಷ್ಟನ್ನು ಚಿತ್ರದುರ್ಗದ ಸೀಮೆಯವರಿಗೆ ಹೇಳಲು ಕಾರಣವಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೋಗಿಗೆ ಡಯಾಲಿಸಿಸ್ ಒಂದೂರಿನಲ್ಲಿ, ಆಪರೇಷನ್ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಆಗಬಹುದು. ಅಲ್ಲಿಯ ಅರಿವಳಿಕೆ ತಜ್ಞರು ನಿಮ್ಮನ್ನು ಹಿಂದೆ ಕಂಡವರಲ್ಲ. "ಸಣ್ಣ ಆಪರೇಷನ್ ತಾನೆ" ಎಂದು ಡಯಾಲಿಸಿಸ್ ವಿಷಯ ಮುಚ್ಚಿಡಬೇಡಿ. ಕೊನೆಯ ಡಯಾಲಿಸಿಸ್ ತಾರೀಖಿನ ಚೀಟಿ, ಪೊಟ್ಯಾಸಿಯಂ ವರದಿ ಕೈಯಲ್ಲಿರಲಿ; ಸಕ್ಸಾಮೆಥೋನಿಯಂ ಎಂಬ ಸಡಿಲಕ ಪೊಟ್ಯಾಸಿಯಂ ಏರಿಸುತ್ತದೆ, ಮೊದಲೇ ಏರಿದ್ದರೆ ಹೃದಯಕ್ಕೆ ಅಪಾಯ. ಫಿಸ್ಟುಲಾ ಇರುವ ಕೈಯನ್ನೂ ತೋರಿಸಿ, ಅದಕ್ಕೆ ಸೂಜಿ ಚುಚ್ಚದಂತೆ, ಬಿ.ಪಿ. ಪಟ್ಟಿ ಕಟ್ಟದಂತೆ ಹೇಳಿ. ಆ ಫಿಸ್ಟುಲಾ ಮಾಡಿಸುವುದಕ್ಕಾದರೆ ಸಾಮಾನ್ಯವಾಗಿ ಕೈಯಷ್ಟನ್ನೇ ಮರಗಟ್ಟಿಸಿದರೆ ಸಾಕು, ಸಡಿಲಕದ ಮಾತೇ ಬರುವುದಿಲ್ಲ. ದೊಡ್ಡ ಆಪರೇಷನ್ ಆಗಿ, "ಈ ರಾತ್ರಿ ಐ.ಸಿ.ಯು.ನಲ್ಲಿರಲಿ" ಎಂದು ಡಾಕ್ಟರು ಹೇಳಿದರೆ, ಕೊನೆಯ ಬಸ್ಸಿನ ನೆಪ ಹೇಳದೆ ಒಪ್ಪಿಕೊಳ್ಳಿ.