ಬರಲಿ, ಇರಲಿ, ಆಗಲಿ



ಕನ್ನಡ ಶಾಲೆಯ ಕೊನೆಯ ದಿನ ನಾನು ಸ್ಪ್ಯಾನಿಷ್ ಬಗ್ಗೆ ಮಾತಾಡುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ಕಳೆದ ಬೇಸಿಗೆ ರಜೆಯಲ್ಲಿ ಆರು ವಾರ ಸ್ಪ್ಯಾನಿಷ್ ಕಲಿಯಲು ಸ್ಪೇನ್ ದೇಶದ ಸಲಮಾಂಕಾಗೆ ಹೋಗಿದ್ದೆ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವ ಊರು ಅದು. ಅಲ್ಲಿನ ಹಳೆಯ ಕಲ್ಲಿನ ಕಟ್ಟಡಗಳು ಸಂಜೆ ಬಿಸಿಲಿಗೆ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ನಾನು ಉಳಿದುಕೊಂಡಿದ್ದ ಮನೆಯ ಸೆನ್ಯೋರಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನದು ಇಂಟರ್‌ಮೀಡಿಯೇಟ್ ತರಗತಿ. ಅಂದರೆ ಬೇರೆಯವರು ಹೇಳಿದ್ದು ಅರ್ಥವಾಗುತ್ತದೆ, ನಾವು ಬಾಯಿ ತೆರೆದರೆ ಮಾತು ಹೊರಡುವುದಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳಿಗೆ ಈ ಕಷ್ಟ ಗೊತ್ತು. ನಮ್ಮ ಕನ್ನಡವೂ ಹಾಗೇ ಅಲ್ಲವೇ?

ಆ ತರಗತಿಯಲ್ಲಿ ಎಲ್ಲರನ್ನೂ ಕಾಡುವ ಪಾಠ ಸಬ್‌ಜಂಕ್ಟಿವ್. ನಡೆದದ್ದನ್ನು ಹೇಳುವಾಗ ಕ್ರಿಯಾಪದಕ್ಕೆ ಒಂದು ರೂಪ, ನಡೆಯಲಿ ಎಂದು ಆಸೆಪಡುವಾಗ ಇನ್ನೊಂದು ರೂಪ. 'ವಿಯೆನೆ' ಅಂದರೆ ಬರುತ್ತಾನೆ. 'ಕಿಯೆರೊ ಕೆ ವೆಂಗಾ' ಎನ್ನುವಾಗ ಅದು 'ವೆಂಗಾ' ಆಗಿಬಿಡುತ್ತದೆ. ಎರಡು ವಾರ ಬರೀ ತಪ್ಪು ಬರೆದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸೆನ್ಯೋರಾ ಎಂದಿನಂತೆ 'ಕೆ ಅಪ್ರೊವೆಚೆ' ಅಂದರು. ತಿಂದದ್ದರಿಂದ ಒಳ್ಳೆಯದಾಗಲಿ ಅಂತ. ತಿಪಟೂರಿನಲ್ಲಿ ನಮ್ಮ ಅಜ್ಜಿ ತುಪ್ಪ ಬಡಿಸುತ್ತಾ ಹೇಳುವುದೂ ಅದೇ: 'ಮೈಗೆ ಹತ್ತಲಿ'. ಆಗ ಹೊಳೆಯಿತು. 'ಕಿಯೆರೊ ಕೆ ವೆಂಗಾ' ಅಂದರೆ 'ಅವನು ಬರಲಿ ಅಂತ ನನ್ನಾಸೆ'. ಬರುತ್ತಾನೆ ಬೇರೆ, ಬರಲಿ ಬೇರೆ. ಈ 'ಲಿ' ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು! ಅನುಮಾನ ಹೇಳುವ ವಾಕ್ಯಗಳಿಗೆ ಈ ಉಪಾಯ ನಡೆಯುವುದಿಲ್ಲ. ಆದರೆ ಆಸೆ, ಹಾರೈಕೆಯ ವಾಕ್ಯಗಳಲ್ಲಿ ಆಮೇಲೆ ನಾನು ಅಷ್ಟಾಗಿ ತಪ್ಪಲಿಲ್ಲ.

ಖುಷಿಯ ಜೊತೆಗೆ ನಾಚಿಕೆಯೂ ಆಯಿತು. ಸೆನ್ಯೋರಾ ಮುಂದೆ ದಿನಕ್ಕೆ ನೂರು ತಪ್ಪು ಮಾಡಿಕೊಂಡು ಮಾತಾಡುತ್ತಿದ್ದೆ. ಅಜ್ಜಿಯ ಜೊತೆ ಒಂದು ತಪ್ಪಿಗೂ ಹೆದರುತ್ತಿದ್ದೆ. ಒಂಬತ್ತು ವರ್ಷದವಳಿದ್ದಾಗ 'ತಾತ ಎಲ್ಲಿಗೆ ಹೋದ?' ಎಂದು ಕೇಳಿ ಮನೆಯವರೆಲ್ಲ ನಕ್ಕಿದ್ದರು. ಅಂದಿನಿಂದ ನಾನು ಇಂಗ್ಲಿಷಿನಲ್ಲಿ ಹೇಳುವುದು, ಅಮ್ಮ ಅಜ್ಜಿಗೆ ಕನ್ನಡದಲ್ಲಿ ಹೇಳುವುದು. ಏಳು ವರ್ಷ ಹೀಗೇ ನಡೆಯಿತು.

ಕ್ಯಾಲಿಫೋರ್ನಿಯಾಕ್ಕೂ ತಿಪಟೂರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಸಲಮಾಂಕಾದಿಂದ ಮೂರೂವರೆ ಗಂಟೆ ಮಾತ್ರ. ಆ ಸಂಜೆ ನಾಲ್ಕಕ್ಕೆ, ಮೊದಲ ಸಲ ಅಮ್ಮ ಪಕ್ಕದಲ್ಲಿಲ್ಲದೆ, ಅಜ್ಜಿಗೆ ಫೋನ್ ಮಾಡಿದೆ. 'ಅಜ್ಜಿ, ನನ್ನ ಕನ್ನಡ ತಪ್ಪಾಗುತ್ತೆ, ನಗಬೇಡಿ' ಅಂದೆ. ಅಜ್ಜಿ ಹೇಳಿದರು: 'ತಪ್ಪಾದ್ರೆ ಆಗ್ಲಿ ಬಿಡು ಪುಟ್ಟಿ. ನಾನು ಹಿಂದೂಪುರದಿಂದ ಮದುವೆಯಾಗಿ ಬಂದಾಗ ಬರೀ ತೆಲುಗು ಬರ್ತಿತ್ತು. ಈ ಮನೇಲಿ ನನ್ನ ಕನ್ನಡಕ್ಕೂ ನಗ್ತಿದ್ರು. ಮಾತು ನಿಲ್ಲಿಸಿದ್ರೆ ನಾನು ಯಾರ ಜೊತೆ ಇರ್ತಿದ್ದೆ?'

ನಮ್ಮ ಅಜ್ಜಿ ತೆಲುಗಿನವರು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲೂ ಇಲ್ಲ. ಅಮ್ಮ ಅನುವಾದ ಮಾಡಿದ್ದು ನಾನು ಕೇಳಿದ ಪ್ರಶ್ನೆಗಳನ್ನು ಮಾತ್ರ. ನಾನು ಕೇಳಿದ್ದು ಬರೀ 'ಹೇಗಿದ್ದೀರಿ, ಊಟ ಆಯ್ತಾ'.

ಈಗ ಪ್ರತಿ ಶನಿವಾರ ರಾತ್ರಿ ನಾವಿಬ್ಬರೇ ಮಾತಾಡುತ್ತೇವೆ. ಅಲ್ಲಿ ಆಗ ಭಾನುವಾರ ಬೆಳಗ್ಗೆ. ತಪ್ಪು ಈಗಲೂ ಆಗುತ್ತದೆ. ಅಜ್ಜಿ ಈಗಲೂ ನಗುತ್ತಾರೆ, ನಾನೂ ನಗುತ್ತೇನೆ.

ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಪ್ರಮಾಣಪತ್ರ ಸಿಕ್ಕಿತು ಎಂದು ಮಾತು ನಿಲ್ಲಿಸಬೇಡಿ. ಹಿರಿಯರಲ್ಲೂ ಒಂದು: ನಾವು ತಡವರಿಸುವಾಗ ಇಂಗ್ಲಿಷಿಗೆ ಹೊರಳಬೇಡಿ, ಸೆನ್ಯೋರಾ ತರಹ ಸ್ವಲ್ಪ ಕಾಯಿರಿ.

ಪ್ರತಿ ಭಾನುವಾರ ತರಗತಿಯ ಕೊನೆಗೆ ನಾವು ಒಟ್ಟಿಗೆ ಕೂಗುವ 'ಗೆಲ್ಗೆ' ಎಂಬ ಪದಕ್ಕೆ ಗೆಲ್ಲಲಿ ಎಂದು ಅರ್ಥ ಅಂತ ಟೀಚರ್ ಹೇಳಿಕೊಟ್ಟಿದ್ದರು. ಹಳಗನ್ನಡದಲ್ಲೂ ಅದೇ ಹಾರೈಕೆ. ಇವತ್ತು ಅರ್ಥ ತಿಳಿದು ಹೇಳುತ್ತೇನೆ.

ಸಿರಿಗನ್ನಡಂ ಗೆಲ್ಗೆ. ಎಲ್ಲರಿಗೂ ಒಳ್ಳೆಯದಾಗಲಿ.