ತಾರಸಿಯ ಬಿಸಿಲು

2024ನೆಯ ಡಿಸೆಂಬರಿನಲ್ಲಿ ಒಂದು ವಾರ ಪೂರ್ತಿ ನಾನು ನಮ್ಮ ಮನೆಯ ತಾರಸಿಯ ಮೇಲೆ ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತ ಕಳೆದೆ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಗೆರೆ, ಹನ್ನೆರಡಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಮತ್ತೊಂದು. ಎದುರುಮನೆಯವರು ಕೂಗಿ, “ಏನ್ ಸಾರ್, ಕುಂಟಾಬಿಲ್ಲೆ ಆಡೋಕೆ ಮೊಮ್ಮಕ್ಕಳು ಬರ್ತಾರಾ?” ಎಂದು ಕೇಳಿದರು. ಮೊಮ್ಮಕ್ಕಳ ಆಟಕ್ಕಲ್ಲ, ನಾನು ಗುರುತು ಹಾಕುತ್ತಿದ್ದುದು ನಮ್ಮ ತೆಂಗಿನಮರದ ನೆರಳನ್ನು.

ನಮ್ಮದು ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಯ ಕಡೆ, ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಸಾಧಾರಣವಾದ ಮನೆ. ತಾಯಿ, ನಾನು, ನನ್ನಾಕೆ, ಮಗ, ಸೊಸೆ, ಒಟ್ಟು ಐದು ಜನ. ತಿಂಗಳಿಗೆ ಇನ್ನೂರೈವತ್ತು, ಇನ್ನೂರ ಅರವತ್ತು ಯೂನಿಟ್ಟು ಖರ್ಚು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಇನ್ನೂರು ಯೂನಿಟ್ಟಿನ ಗಡಿಯನ್ನು ಪ್ರತಿ ತಿಂಗಳೂ ದಾಟಿ, ಪೂರ್ತಿ ಬಿಲ್ಲು ತೆರುವ ದುರದೃಷ್ಟವಂತರು ನಾವು. ಆದುದರಿಂದಲೇ ಸೂರ್ಯನ ಕಡೆ ಕಣ್ಣು ಹೋಯಿತೆನ್ನಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಬಿಲ್ಲು ಈಗಾಗಲೇ ಸೊನ್ನೆಯಾಗಿ ಬರುತ್ತಿದ್ದರೆ ಸೌರಫಲಕಕ್ಕೆ ದುಡ್ಡು ಹಾಕಲು ಅವಸರಪಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ. ಮಾರುವವರು ನಿಮಗೆ ಈ ಮಾತು ಹೇಳಲಾರರು.

ನಮ್ಮ ಊರಿಗೆ ವಿದ್ಯುದ್ದೀಪ ಹೊಸದಲ್ಲ. 1905ರಲ್ಲೇ ಶಿವನಸಮುದ್ರದ ನೀರಿನಿಂದ ಹುಟ್ಟಿದ ಶಕ್ತಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹಚ್ಚಿತು. ಬಿಸಿಲಿನಿಂದ ನೇರವಾಗಿ ವಿದ್ಯುತ್ತು ತೆಗೆಯುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ಜನರ ಮುಂದೆ ಇಟ್ಟುದು 1954ರಲ್ಲಿ. ಬಿದ್ದ ಬೆಳಕಿನ ಶೇಕಡ ಆರರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಈಗ ಮನೆಯ ಮೇಲೆ ಹಾಕುವ ಒಳ್ಳೆಯ ಫಲಕ ಶೇಕಡ ಇಪ್ಪತ್ತನ್ನು ಮೀರಿದೆ. ಬೆಲೆಯೂ ಇಳಿದು ನಮ್ಮಂಥವರ ಕೈಗೆಟುಕುವಂತಾಗಿದೆ.

ಲೆಕ್ಕ ಹೀಗೆ. ಒಂದು ಕಿಲೋವಾಟ್ ಫಲಕಕ್ಕೆ ನೂರು ಚದರಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತದೆ. ನಾವು ಹಾಕಿಸಿದ್ದು ಮೂರು ಕಿಲೋವಾಟ್, ಆರು ಫಲಕ. ಖರ್ಚು ಎರಡು ಲಕ್ಷದ ಸಮೀಪ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ತಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಉಂಟು. ಫಲಕ ಭಾರತದಲ್ಲೇ ತಯಾರಾದುದಿರಬೇಕು, ಕೋಶವೂ ಇಲ್ಲಿಯದೇ ಆಗಿರಬೇಕು, ಹಾಕುವವರು ನೋಂದಾಯಿತರಿರಬೇಕು. ಮೊದಲು ನಾವು ಕೈಯಿಂದ ಕೊಟ್ಟು, ಎಲ್ಲ ಮುಗಿದು ತಪಾಸಣೆಯಾದ ಮೇಲೆ ಹಣ ನಮ್ಮ ಬ್ಯಾಂಕಿನ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಓಡಾಡುವ ಹಣ ಇರಬೇಕೆಂಬುದನ್ನು ಮರೆಯಬೇಡಿ. ಉಳಿತಾಯವಾದುದರಿಂದ ಹಾಕಿದ ಹಣ ಹಿಂದಕ್ಕೆ ಬರಲು ನಮ್ಮ ಮನೆಯ ಲೆಕ್ಕದಲ್ಲಿ ಆರೇಳು ವರ್ಷ. ಮೂರು ವರ್ಷವೆಂದು ಯಾರಾದರೂ ಹೇಳಿದರೆ ಕಾಗದ ಪೆನ್ಸಿಲು ಕೇಳಿ.

ಇನ್ನು ತೆಂಗಿನಮರದ ಮಾತು. ನೋಡಲು ಬಂದ ಹುಡುಗ ತಾರಸಿ ಹತ್ತಿ, ಸುತ್ತ ಒಮ್ಮೆ ಕಣ್ಣಾಡಿಸಿ, “ಆ ಮರ ತೆಗೆಸಿಬಿಡಿ ಸಾರ್, ಅರ್ಧ ದಿನದ ಕೆಲಸ” ಎಂದ. ಕೆಳಗೆ ತುಳಸಿಕಟ್ಟೆಯ ಹತ್ತಿರ ಕುಳಿತಿದ್ದ ನಮ್ಮ ತಾಯಿಗೆ ಅದು ಕೇಳಿಸಿತು. ಅವರಿಗೆ ಎಂಬತ್ತನಾಲ್ಕು ವರ್ಷ. ಬೇಡವಾದ ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತದೆ. “ನಿಮ್ಮಪ್ಪ ನೆಟ್ಟ ಮರ ಕಣೋ. ಗೃಹಪ್ರವೇಶದ ದಿನ ನೆಟ್ಟದ್ದು. ಕರೆಂಟಿಗೋಸ್ಕರ ಕಡೀತೀಯಾ?” ಎಂದರು. ನಾನು ಏನೂ ಹೇಳಲಿಲ್ಲ. ಮಗನ ಅಭಿಪ್ರಾಯ ಕಡಿಸಬೇಕೆಂದೇ. ಮರ ಕಡಿದು ಪರಿಸರ ಉಳಿಸುವುದು ಎಂಥ ನ್ಯಾಯವೆಂದು ಸೊಸೆ ಅವನನ್ನು ಕೇಳಿದಳು. ಎರಡು ದಿನ ಮನೆಯಲ್ಲಿ ಮಾತು ಕಡಮೆಯಾಯಿತು.

ನೆರಳಿಗೆ ಇಷ್ಟು ಹೆದರುವುದೇಕೆ? ಫಲಕಗಳನ್ನು ಹೂಮಾಲೆಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಎಲ್ಲದರ ಮೂಲಕವೂ ಹರಿಯುವ ಪ್ರವಾಹ ಒಂದೇ. ಒಂದು ಫಲಕದ ಮೂಲೆಗೆ ಗರಿಯ ನೆರಳು ಬಿದ್ದರೆ ಆ ಮೂಲೆಯಷ್ಟೇ ನಷ್ಟವಾಗುವುದಿಲ್ಲ. ಆ ಫಲಕದ ಮೂರನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಸುಮ್ಮನಾಗಿಬಿಡಬಹುದು. ನೀರಿನ ಟ್ಯಾಂಕು, ಪ್ಯಾರಪೆಟ್ಟು, ಬಟ್ಟೆ ಹರವುವ ತಂತಿ, ಇವೆಲ್ಲವೂ ಕಳ್ಳರೇ.

ಕೊನೆಗೆ ನಾನು ಹಳೆಯ ಮೇಷ್ಟರ ದಾರಿ ಹಿಡಿದೆ. ಬೆಂಗಳೂರು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಮರದ ನೆರಳು ನಡುಹಗಲಲ್ಲಿ ತಾರಸಿಗೆ ಬರುವುದೇ ಇಲ್ಲ. ನೆರಳು ಅತಿ ಉದ್ದವಾಗಿ ಉತ್ತರಕ್ಕೆ ಚಾಚುವುದು ಡಿಸೆಂಬರ್ 22ರ ಸುಮಾರಿಗೆ. ಆ ದಿನಗಳಲ್ಲಿ ನೆರಳು ಬೀಳದ ಜಾಗ ವರ್ಷವಿಡೀ ಸುರಕ್ಷಿತ. ನಮ್ಮ ಮರ ತಾರಸಿಗಿಂತ ಇಪ್ಪತ್ತಡಿ ಎತ್ತರ. ಡಿಸೆಂಬರ್ ಮಧ್ಯಾಹ್ನದಲ್ಲಿ ಅದರ ನೆರಳು ಹದಿನೈದಡಿ. ಒಂಬತ್ತು ಗಂಟೆಗೆ ಮೂವತ್ತಡಿಯಾದರೂ ವಾಯವ್ಯಕ್ಕೆ ಓರೆಯಾಗಿ ಬೀಳುವುದರಿಂದ ಉತ್ತರಕ್ಕೆ ಮುಟ್ಟುವುದು ಇಪ್ಪತ್ತಡಿ ಮಾತ್ರ. ಸೀಮೆಸುಣ್ಣದ ಗೆರೆಗಳೂ ಅದನ್ನೇ ಹೇಳಿದುವು. ತಾರಸಿಯ ಉತ್ತರದ ತುದಿಯಲ್ಲಿ ಹದಿನೈದಡಿ ಅಗಲದ ಪಟ್ಟಿಯೊಂದು ಒಂಬತ್ತರಿಂದ ಮೂರರವರೆಗೆ ಪೂರ್ತಿ ಬಿಸಿಲಿನಲ್ಲಿತ್ತು. ಆರು ಫಲಕಕ್ಕೆ ಅಷ್ಟು ಧಾರಾಳ. ಮರ ಉಳಿಯಿತು. ಹೋದದ್ದು ನನ್ನಾಕೆ ಸಂಡಿಗೆ ಒಣಹಾಕುತ್ತಿದ್ದ ಜಾಗ. ಆ ವ್ಯಾಜ್ಯ ಬೇರೆ, ಇನ್ನೂ ನಡೆಯುತ್ತಿದೆ.

ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪವೇ ಓರೆಯಾಗಿ ನಿಲ್ಲಿಸಿದರು. ತಾರಸಿಗೆ ತೂತು ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆಂಬ ಭಯದಿಂದ ಕಾಂಕ್ರೀಟಿನ ದಿಮ್ಮಿಗಳ ಮೇಲೆ ಚೌಕಟ್ಟು ಕೂರಿಸಲು ಹೇಳಿದೆ. ಗಾಳಿಗೆ ಏಳದಷ್ಟು ಭಾರವಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಸಿಡಿಲಿಗೆ ಮತ್ತು ಉಪಕರಣಕ್ಕೆ ಬೇರೆ ಬೇರೆ ಭೂಸಂಪರ್ಕ ಕೊಡಿಸುವುದನ್ನು ಮಾತ್ರ ಯಾರೂ ಉಳಿತಾಯದ ಪಟ್ಟಿಗೆ ಸೇರಿಸಬೇಡಿ.

ಬೆಸ್ಕಾಂನವರು ಹೊಸ ಮೀಟರು ಹಾಕಿದರು. ಅದು ಎರಡು ಕಡೆಯೂ ಎಣಿಸುತ್ತದೆ. ಹಗಲು ಮನೆಯಲ್ಲಿ ಬಳಸಿ ಮಿಕ್ಕದ್ದು ಬೀದಿಯ ತಂತಿಗೆ ಹೋಗುತ್ತದೆ. ರಾತ್ರಿ ಅಲ್ಲಿಂದಲೇ ನಮಗೆ ಬರುತ್ತದೆ. ರಾತ್ರಿಯ ವಾರ್ತೆಗೆ ನಮ್ಮ ರೇಡಿಯೋ ಹಾಡುವುದು ಸೂರ್ಯನಿಂದಲ್ಲ, ಹಗಲು ಕೊಟ್ಟಿಟ್ಟ ಸಾಲದ ವಸೂಲಿಯಿಂದ. ತಿಂಗಳ ಕೊನೆಗೆ ಎರಡನ್ನೂ ಕಳೆದು ಬಿಲ್ಲು ಬರುತ್ತದೆ. ನಿಗದಿತ ಶುಲ್ಕವಂತೂ ತಪ್ಪುವುದಿಲ್ಲ.

ಈಗ ನಾನು ಮೋಸಹೋದ ಸಂಗತಿ. ಮೋಸವೆನ್ನಬಹುದೋ ಇಲ್ಲವೋ, ಹಾಕಿದವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೇ ತಿಂಗಳಲ್ಲಿ ಒಂದು ಹಗಲು ಕರೆಂಟು ಹೋಯಿತು. ಮೇಲೆ ರಣಬಿಸಿಲು. ಬೀದಿಯವರೆಲ್ಲ ಕತ್ತಲೆಯಲ್ಲಿದ್ದರೂ ನಮಗೇನೆಂದು ಹೆಮ್ಮೆಯಿಂದ ಪಂಖದ ಗುಂಡಿ ಒತ್ತಿದರೆ ಅದು ಅಲ್ಲಾಡಲಿಲ್ಲ. ಎರಡು ಲಕ್ಷ ಸುರಿದು, ನೆತ್ತಿಯ ಮೇಲೆ ಮೂರು ಕಿಲೋವಾಟ್ ಇಟ್ಟುಕೊಂಡು ಬೀಸಣಿಗೆ ಹಿಡಿಯಬೇಕಾಯಿತು. ಹಾಕಿದವರಿಗೆ ಫೋನು ಮಾಡಿ ಬೈಯಬೇಕೆಂದು ಹೊರಗೆ ಬಂದೆ.

ನಮ್ಮ ಮನೆಯ ಮುಂದಿನ ಕಂಬದ ಬುಡದಲ್ಲಿ ಲೈನ್‌ಮನ್ ಒಬ್ಬ ಏಣಿ ಚಾಚಿ ನಿಂತಿದ್ದ. ತಾರಸಿಯ ಕಡೆ ನೋಡಿ, “ಸಾರ್, ನಿಮ್ದು ಸೋಲಾರ್ ಅಲ್ವಾ? ಆಫ್ ಆಗಿದೆ ತಾನೇ?” ಎಂದು ಕೇಳಿದ. ಆಗಿದೆಯೆಂದೆ, ಸಿಟ್ಟಿನಿಂದಲೇ. “ಹಾಗಾದ್ರೆ ಸರಿ ಸಾರ್, ಹತ್ತೋದು ನಾವು ನೋಡಿ” ಎಂದು ಮೇಲೇರಿದ. ಬೀದಿಯ ತಂತಿ ಸತ್ತಿದೆಯೆಂದು ನಂಬಿ ಅವನು ಕೈಯಿಡುವ ಹೊತ್ತಿಗೆ ನಮ್ಮ ತಾರಸಿಯಿಂದ ಪ್ರವಾಹ ಅತ್ತ ಹರಿದರೆ ಅವನ ಗತಿಯೇನು? ಅದಕ್ಕಾಗಿಯೇ, ಹೊರಗಿನ ವಿದ್ಯುತ್ತು ನಿಂತ ಕೂಡಲೇ ಈ ಬಗೆಯ ಇನ್ವರ್ಟರು ತಾನೂ ನಿಲ್ಲುವಂತೆ ಮಾಡಿದ್ದಾರೆ. ನಾನು ಫೋನನ್ನು ಜೇಬಿಗೆ ಹಾಕಿಕೊಂಡು ಅವನು ಇಳಿಯುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಮಜ್ಜಿಗೆ ಕೊಟ್ಟೆ. ಕರೆಂಟು ಹೋದಾಗಲೂ ಬೇಕೆನ್ನುವವರಿಗೆ ಬ್ಯಾಟರಿಯೊಡನೆ ದುಡಿಯುವ ಹೈಬ್ರಿಡ್ ಇನ್ವರ್ಟರುಗಳುಂಟು. ಅವು ಬೀದಿಯ ತಂತಿಯಿಂದ ತಮ್ಮನ್ನು ಬೇರ್ಪಡಿಸಿಕೊಂಡು ಮನೆಗಷ್ಟೇ ಕೊಡುತ್ತವೆ. ಖರ್ಚು ಗಣನೀಯವಾಗಿ ಹೆಚ್ಚು. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ನನ್ನಂತೆ ಮೇ ತಿಂಗಳಲ್ಲಲ್ಲ.

ಬಿಸಿ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚೆಂದು ಹಲವರು ತಿಳಿದಿದ್ದಾರೆ. ನೀರು ಕಾಯಿಸುವ ಸೌರ ಒಲೆಗೆ ಆ ಮಾತು ಸರಿ. ಫಲಕಕ್ಕೆ ಬೇಕಾದುದು ಬೆಳಕು, ಕಾವಲ್ಲ. ಇಪ್ಪತ್ತೈದು ಡಿಗ್ರಿಯ ಮೇಲೆ ಫಲಕ ಕಾದಷ್ಟೂ ಡಿಗ್ರಿಗೆ ಶೇಕಡ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಕಡಮೆಯಾಗುತ್ತದೆ. ನಮಗೆ ಒಳ್ಳೆಯ ಫಸಲು ಫೆಬ್ರವರಿ, ಮಾರ್ಚಿನಲ್ಲಿ. ಜುಲೈ, ಆಗಸ್ಟಿನ ಮೋಡದಲ್ಲಿ ಬಡತನ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಧೂಳನ್ನೂ ಪಾರಿವಾಳದ ಹಿಕ್ಕೆಯನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ. ಕೊಳವೆಬಾವಿಯ ಗಡಸು ನೀರು ಬಿಳಿ ಕಲೆ ಬಿಡುತ್ತದೆ. ಕಾದ ಗಾಜಿಗೆ ತಣ್ಣೀರು ಎರಚಬಾರದು.

ಫಲಕಕ್ಕೆ ಇಪ್ಪತ್ತೈದು ವರ್ಷದ ಭರವಸೆ ಕೊಡುತ್ತಾರೆ. ನನಗೆ ಅಷ್ಟು ಭರವಸೆ ಯಾರೂ ಕೊಟ್ಟಿಲ್ಲ. ಆ ವಿಷಯ ಹಾಗಿರಲಿ. ಹೋದ ವಾರ ಪಡುವಣ ಪಕ್ಕದ ಮನೆಯವರು ಬಂದು ಕಾಫಿ ಕುಡಿಯುತ್ತ, ಮಗಳು ಊರಿಗೆ ಬರುತ್ತಿರುವುದರಿಂದ ಮೇಲೊಂದು ಮಹಡಿ ಏರಿಸುವೆವೆಂದರು. “ನಿಮ್ಮ ಸೋಲಾರಿಗೆ ತೊಂದರೆಯಾಗುತ್ತೇನೋ ರಾಯರೇ?” ಎಂದು ಸಂಕೋಚದಿಂದ ಕೇಳಿದರು. ಇಪ್ಪತ್ತು ವರ್ಷದ ನೆರೆ. ಅವರ ಮನೆಯ ಮೇಲೆ ಅವರು ಕಟ್ಟುತ್ತಾರೆ, ಬೇಡವೆನ್ನಲು ನಾನು ಯಾರು? ಚಳಿಗಾಲದಲ್ಲಿ ಮೂರು ಗಂಟೆಯ ಮೇಲೆ ನೆರಳು ಬಂದೇ ಬರುತ್ತದೆ. ಪ್ರತಿ ಫಲಕಕ್ಕೂ ಪ್ರತ್ಯೇಕವಾದ ಪುಟ್ಟ ಇನ್ವರ್ಟರು ಹಾಕಿದರೆ ಒಂದರ ನೆರಳು ಇನ್ನೊಂದಕ್ಕೆ ತಟ್ಟುವುದಿಲ್ಲವಂತೆ. ಅದರ ಬೆಲೆ ವಿಚಾರಿಸುತ್ತಿದ್ದೇನೆ. ಅವರ ಮನೆಯ ಕಂಬಿಗಳು ಮೇಲೆದ್ದಿವೆ. ನಿನ್ನೆ ಸಂಜೆ ಸೀಮೆಸುಣ್ಣ ಹುಡುಕಿ ತಾರಸಿಗೆ ಹೋದೆ. ನಮ್ಮ ತಾಯಿ ಕೆಳಗಿನಿಂದ, “ಈ ಸಲ ಏನು ಕಡೀಬೇಕಂತೋ?” ಎಂದು ಕೂಗಿದರು.