ಬೀದರಿನ ಕರಿಯ ಒಡವೆ
(ಕಳಮಶ್ಶೇರಿಯ ಕನ್ನಡಿಗರ ಮುಂದೆ ರಾಜ್ಯೋತ್ಸವದಂದು ಮಾಡಿದ ಭಾಷಣ)



ಒಡವೆ ಎಂದೊಡನೆ ನಮಗೆ ನೆನಪಾಗುವುದು ಬಂಗಾರ. ಕೇರಳದಲ್ಲಿ ನೆಲೆಸಿದ ನಮಗಂತೂ ಚಿನ್ನದಂಗಡಿಯಿಲ್ಲದ ಪೇಟೆಯನ್ನು ಕಾಣುವುದೇ ಅಪರೂಪ. ಈ ದಿನ ನಾವು ಹೇಳಬೇಕೆಂದಿರುವುದು ಬಂಗಾರದ ಹಂಗಿಲ್ಲದ ಒಡವೆಯೊಂದರ ವಿಚಾರ. ಅದನ್ನು ಮಾಡುವ, ಮಾಡಲು ಕಲಿಸುವ ಗುರುವೊಬ್ಬರ ವಿಚಾರ.

ಬೀದರಿನ ಬಿದರಿ ಕೆಲಸಕ್ಕೆ ಮೂಲಲೋಹ ಸತು. ಇಲ್ಲಿಗೆ ಸಮೀಪದ ಎಡಯಾರಿನಲ್ಲಿ 1967ರಿಂದ 2014ರವರೆಗೆ ಸತುವಿನ ಕಾರ್ಖಾನೆ ನಡೆಯಿತು. ಆದುದರಿಂದ ಆ ಲೋಹ ನಮ್ಮಲ್ಲಿ ಹಲವರಿಗೆ ಹೊಸದಲ್ಲ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಮಣ್ಣಿನಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ, ಮೇಲೆ ಚಿತ್ತಾರ ಗೀಚುತ್ತಾರೆ. ಗೀಚಿದ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಯಾದ ಒಡವೆಗೆ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಹೂಜಿ, ಹುಕ್ಕಾಗಳಿಗೆ ಹೆಸರಾಗಿದ್ದ ಈ ಕೆಲಸ ಈಗ ಪದಕ, ಓಲೆ, ಬಳೆ, ಉಂಗುರಗಳಿಗೂ ಬಂದಿದೆ. ಎರಕದ ಸತು ಬಾಗದು. ಬಿದ್ದರೆ ಒಡೆಯುವುದೂ ಉಂಟು. ಓಲೆಯಷ್ಟು ಪುಟ್ಟ ಜಾಗದಲ್ಲಿ ಉಳಿ ಆಡಿಸಬೇಕಾದರೆ ಕೈ ಎಷ್ಟು ಪಳಗಿರಬೇಕೆಂಬುದನ್ನು ತಾವೇ ಊಹಿಸಬಹುದು.

ಹಾಗೆ ಪಳಗಿದ ಕೈ ಶಾ ರಶೀದ್ ಅಹ್ಮದ್ ಖಾದ್ರಿಯವರದು. 1955ರಲ್ಲಿ ಹುಟ್ಟಿದ ಅವರು ತಂದೆ ಶಾ ಮುಸ್ತಫಾ ಖಾದ್ರಿಯವರಿಂದ ಮನೆತನದ ಈ ಕಸುಬನ್ನು ಕಲಿತರು. 1988ರಲ್ಲಿ ರಾಷ್ಟ್ರಪ್ರಶಸ್ತಿ, 2023ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ನಮಗೆ ಅವೆಲ್ಲಕ್ಕಿಂತ ದೊಡ್ಡದೆನಿಸುವುದು ಅವರು ಇತರರಿಗೂ ಈ ವಿದ್ಯೆಯನ್ನು ಕಲಿಸಿದ್ದು.

ಈ ಕೇರಳದ ಆರನ್ಮುಳದಲ್ಲಿ ತಾಮ್ರ ತವರಗಳ ಬೆರಕೆಯಿಂದ ಲೋಹದ ಕನ್ನಡಿ ಮಾಡುತ್ತಾರಷ್ಟೆ. ಅದರ ಪಾಕ ಕೆಲವೇ ಮನೆತನಗಳ ಗುಟ್ಟು. ಬಿದರಿಯ ಪಾಕವನ್ನು ನಾವು ಈಗತಾನೆ ಬಾಯಿಬಿಟ್ಟು ಹೇಳಿಯೂ ಆಯಿತು. ಆದರೂ ತಮ್ಮಲ್ಲಿ ಒಬ್ಬರಿಂದಲೂ ಅದಾಗದು! ಏಕೆಂದರೆ ಯಾವ ಮಣ್ಣು ಕಪ್ಪು ಕೊಡುವುದೆಂಬುದನ್ನು ಅಲ್ಲಿನ ಕುಶಲಕರ್ಮಿಗಳು ನಾಲಿಗೆಗಿಟ್ಟು ರುಚಿ ನೋಡಿ ಅರಿಯುತ್ತಾರೆ. ಆ ರುಚಿಯನ್ನು ಯಾವ ಪುಸ್ತಕ ಕಲಿಸೀತು? ಗುರುವಿನ ಮಗ್ಗುಲಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಮಾತ್ರ ಅದು ದಕ್ಕುತ್ತದೆ.

ಹಾಗೆ ಕುಳಿತವರ ಹೊಟ್ಟೆಯೂ ತುಂಬಬೇಕಲ್ಲವೇ? ಬೆಳ್ಳಿಯನ್ನು ಮೊದಲೇ ಹಣ ಕೊಟ್ಟು ತರಬೇಕು, ಕೆಲಸ ನಿಧಾನ, ಒಡವೆ ಮಾರಾಟವಾದ ಮೇಲೆ ಕೂಲಿ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದು ಬಿದರಿಯೆಂಬ ಹೆಸರನ್ನು ಕಾಯುತ್ತದೆ; ಕೆಲಸ ಕಲಿಯುವ ಹುಡುಗನ ಸಂಸಾರವನ್ನು ಕಾಯಬೇಕಾದವರು ಕೊಳ್ಳುವವರು.

ಆದುದರಿಂದ ನಮ್ಮದೊಂದು ಸೂಚನೆ. ಸಭೆಗಳಲ್ಲಿ ಅತಿಥಿಗಳಿಗೆ ಕೊಡುವ ಹೊಳಪಿನ ಫಲಕಗಳು ಮರುದಿನವೇ ಬೀರುವಿನ ಮೂಲೆ ಸೇರುತ್ತವೆ. ಅವುಗಳ ಬದಲು ಬಿದರಿಯ ಪದಕವನ್ನೋ ಓಲೆಯನ್ನೋ ಕೊಡೋಣ. ಸಾಧ್ಯವಾದರೆ ಮಾಡಿದವರಿಂದಲೇ ಕೊಳ್ಳೋಣ; ಚೌಕಾಸಿ ಬೇಡ. ಮಾಡಿದವರ ಹೆಸರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡೋಣ. ಗುರುವಿಗೆ ಪದ್ಮಶ್ರೀ ಸಂದಿತು. ಶಿಷ್ಯರಿಗೆ ಸಲ್ಲಬೇಕಾದುದು ದುಡಿಮೆಗೆ ತಕ್ಕ ಬೆಲೆ. ಹೊರನಾಡಿನಲ್ಲಿರುವ ನಾವು ನಾಡಿಗೆ ಸಲ್ಲಿಸಬಹುದಾದ ಸಣ್ಣ ಸೇವೆಯಿದು.